ನೀರು ಐತೇನಲೇ?

ದೆವ್ವ, ಶಕುನ, ಮೈಮೇಲೆ ಬರುವುದು, ಇಂಥವನ್ನೆಲ್ಲ ಕೇಳಿದರೆ ನನಗೆ ಮೊದಲಿನಿಂದಲೂ ನಗು. ಹಲ್ಲಿ ಲೊಚಗುಟ್ಟಿತು ಎಂದು ಹೆಂಡತಿ ಬಾಗಿಲಲ್ಲಿ ಅಡ್ಡ ನಿಂತರೆ, “ಹಲ್ಲಿಗೆ ಹೇಳು, ನನ್ನ ಪಾಳಿ ಕಾಯಾಂಗಿಲ್ಲ” ಎಂದು ಚಪ್ಪಲಿ ಮೆಟ್ಟಿ ಹೊರಡುವವನು ನಾನು. ಬೆಂಕಿ, ನೀರು, ಉಗಿ, ಈ ಮೂರನ್ನು ಬಿಟ್ಟು ಬೇರೆ ಯಾವುದಕ್ಕೂ ಹೆದರಬೇಕಾಗಿಲ್ಲ ಎಂದುಕೊಂಡಿದ್ದೆ. ಅಂಥ ನಾನೇ ಇದನ್ನು ಬರೆಯಲು ಕೂತಿದ್ದೇನೆ. ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ಇದರ ತಲೆಬುಡ ನನಗೇ ಇನ್ನೂ ತಿಳಿದಿಲ್ಲ.

ಸಿರುಗುಪ್ಪದ ಒಂದು ಅಕ್ಕಿ ಮಿಲ್ಲಿನಲ್ಲಿ ನಾನು ಬಾಯ್ಲರ್ ನೋಡಿಕೊಳ್ಳುವವನು. ಭತ್ತದ ಹೊಟ್ಟು ಉರಿಸಿ ನೀರು ಕುದಿಸುವುದು, ಆ ಉಗಿಯನ್ನು ಭತ್ತಕ್ಕೆ ಬಿಡುವುದು, ಇದೇ ಕೆಲಸ. ಕೇಳಲು ಅಡಿಗೆ ಮನೆಯ ಕೆಲಸದ ಹಾಗಿದೆ. ಆದರೆ ಒಳಗೆ ನೀರು ಕಡಿಮೆಯಾದರೆ ಬಾಯ್ಲರ್ ಸಿಡಿಯುತ್ತದೆ, ಸಿಡಿದರೆ ಗೋಡೆಯಾಚೆ ಇರುವವರೂ ಉಳಿಯುವುದಿಲ್ಲ. ನನ್ನ ಪಾಳಿಯಲ್ಲಿ ಹದಿನಾರು ಜನರಿದ್ದರು. ಹೆಚ್ಚಿನವರು ಹತ್ತಿರದ ಕರೂರಿನಿಂದ ಬೆಳಗಿನ ಬಸ್ಸಿಗೆ ಬರುವ ಹೆಣ್ಣುಮಕ್ಕಳು. ಅವರ ಜೀವ ನನ್ನ ಕಣ್ಣಿನ ಮೇಲೆ ನಿಂತಿತ್ತು.

ಈ ಕೆಲಸ ಕಲಿಸಿದವರು ಕುರುಗೋಡಿನ ಪಂಪಣ್ಣ ಮೇಸ್ತ್ರಿ. ಅವರದೊಂದು ರೂಢಿ ಇತ್ತು. ತಾಸಿಗೊಮ್ಮೆ ಬಾಯ್ಲರ್ ಕೋಣೆಯ ಬಾಗಿಲಿಗೆ ಬಂದು, ಒಳಗೆ ಕಾಲಿಡದೆ, “ನೀರು ಐತೇನಲೇ?” ಎಂದು ಕೂಗುತ್ತಿದ್ದರು. ನಾನು “ಐತ್ರಿ” ಎನ್ನಬೇಕು. ಬಾಯ್ಲರಿನ ಮೈಗೆ ಒಂದು ಗಾಜಿನ ಕೊಳವೆ ಇರುತ್ತದೆ, ಒಳಗಿನ ನೀರು ಎಲ್ಲಿಯವರೆಗಿದೆ ಎಂದು ಅದರಲ್ಲಿ ಕಾಣುತ್ತದೆ. ಅದನ್ನು ನೋಡದೆ ಉತ್ತರ ಕೊಟ್ಟೆನೋ, ಅವರಿಗೆ ಹೇಗೋ ಗೊತ್ತಾಗಿಬಿಡುತ್ತಿತ್ತು. “ಲೇ, ಪೂರಾ ತುಂಬಿದ ಗಾಜು, ಪೂರಾ ಖಾಲಿ ಗಾಜು, ಎಲ್ಡೂ ನೋಡಾಕ ಒಂದೇ. ನೀರಿನ ಗೆರಿ ಕಾಣಲಿಲ್ಲಾಂದ್ರ ಕಾಕ್ ತಿರುವಿ ನೋಡು” ಎಂದು ಬಯ್ಯುತ್ತಿದ್ದರು. ಗಾಜಿನ ಕೆಳಗಿರುವ ನಲ್ಲಿಗೆ ನಾವು ಕಾಕ್ ಎನ್ನುತ್ತೇವೆ. ಮೇಸ್ತ್ರಿ ಕೆಲಸ ಬಿಟ್ಟು ಊರಿಗೆ ಹೋದ ಮೇಲೆ ಬಾಗಿಲಿಗೆ ಬಂದು ಕೇಳುವವರೇ ಇಲ್ಲವಾದರು.

ಆರೇಳು ವರ್ಷದ ಹಿಂದೆ ಭತ್ತದ ಮೂಟೆಯೊಂದು ಮೈಮೇಲೆ ಬಿದ್ದು ನನ್ನ ಸೊಂಟಕ್ಕೆ ಪೆಟ್ಟಾಯಿತು. ಡಾಕ್ಟರು ಹತ್ತು ದಿನಕ್ಕೆಂದು ನೋವಿನ ಮಾತ್ರೆ ಬರೆದುಕೊಟ್ಟರು. ನೋವು ಹೋಯಿತು, ಮಾತ್ರೆ ಮಾತ್ರ ಹೋಗಲಿಲ್ಲ. ಮೊದಲು ರಾತ್ರಿಗೊಂದು, ಆಮೇಲೆ ಪಾಳಿಗೊಂದು, ಆಮೇಲೆ ಎಣಿಸುವುದನ್ನೇ ಬಿಟ್ಟೆ. ತಿಂದರೆ ಮೈಯೆಲ್ಲ ಹತ್ತಿಯಂತೆ ಹಗುರ, ಕಣ್ಣು ತೂಕಡಿಕೆ. ತಿನ್ನದಿದ್ದರೆ ನಡುಕ. ಹೆಂಡತಿ ಕೇಳಿದರೆ ಸೊಂಟ ನೋವು ಎಂದು ತಲೆ ಮೇಲೆ ಹೊಡೆದ ಹಾಗೆ ಸುಳ್ಳು ಹೇಳುತ್ತಿದ್ದೆ. ಇನ್ನೊಂದು ಮಾತು, ಬರೆಯುವಾಗಲೂ ನಾಚಿಕೆಯಾಗುತ್ತದೆ. ನೀರು ಇಳಿದಾಗ ಕೂಗುವ ಅಲಾರಂ ನನ್ನ ತೂಕಡಿಕೆ ಕೆಡಿಸುತ್ತಿತ್ತು. ಅದರ ವೈರನ್ನು ನಾನೇ ಕಿತ್ತಿದ್ದೆ.

ಆ ದಿನ ಮಧ್ಯಾಹ್ನ ಮೂರರ ಸುಮಾರು. ಹೊರಗೆ ಕಣ್ಣು ಕುಕ್ಕುವ ಬಿಸಿಲು. ನಾನು ಸ್ಟೂಲಿನ ಮೇಲೆ ಗೋಡೆಗೊರಗಿ ಕೂತಿದ್ದೆ. ಬಾಗಿಲ ಕಡೆಯಿಂದ ದನಿ ಬಂತು, “ನೀರು ಐತೇನಲೇ?”

ಕಣ್ಣು ತೆರೆಯದೆ “ಐತ್ರಿ” ಎಂದೆ.

ಮತ್ತೆ ಅದೇ ದನಿ, ಈಗ ಸ್ವಲ್ಪ ಬಿಗಿಯಾಗಿ. “ನೀರು ಐತೇನಲೇ?”

ಅರ್ಧ ಕಣ್ಣಲ್ಲಿ ಗಾಜು ನೋಡಿದೆ. ಗೆರೆ ಕಾಣಲಿಲ್ಲ. “ಐತ್ರಿ, ತುಂಬೈತ್ರಿ” ಎಂದೆ.

ಮೂರನೆಯ ಸಲ ಪ್ರಶ್ನೆ ಬರಲಿಲ್ಲ. “ಸುಳ್ಳು ಹೇಳಾಕತ್ತೀಯಲೇ. ಕಾಕ್ ತಿರುವು” ಎಂದಿತು.

ಎದ್ದೆ. ಮೇಸ್ತ್ರಿ ಬಯ್ದರೆ ಏಳುವುದು ನನ್ನ ಮೈಗೆ ಅಭ್ಯಾಸ. ಅವರು ಮಿಲ್ಲು ಬಿಟ್ಟು ಎಷ್ಟೋ ಕಾಲವಾಗಿತ್ತು ಎಂಬುದು ಆ ಅಮಲಿನಲ್ಲಿ ನೆನಪಿಗೆ ಬರಲಿಲ್ಲ. ಕಾಕ್ ತಿರುವಿದೆ. ಒಂದು ಹನಿ ನೀರು ಬರಲಿಲ್ಲ, ಒಣ ಉಗಿ ಬುಸ್ಸೆಂದಿತು. ತುಂಬಿದೆ ಎಂದುಕೊಂಡ ಗಾಜು ಖಾಲಿಯಾಗಿತ್ತು. ನನ್ನ ಅಮಲು ಅಲ್ಲೇ ಇಳಿದುಹೋಯಿತು. ನೀರಿನ ಪಂಪಿನ ಸ್ವಿಚ್ಚಿಗೆ ಕೈ ಹೋಗಿತ್ತು, ತಡೆದೆ. ಕಾದು ಕೆಂಪಾದ ಬಾಯ್ಲರಿಗೆ ತಣ್ಣೀರು ಬಿಟ್ಟರೆ ಆ ಕ್ಷಣವೇ ಎಲ್ಲ ಮುಗಿಯುತ್ತಿತ್ತು. ಒಲೆಗೆ ಹೋಗುವ ಗಾಳಿ ಬಂದ್ ಮಾಡಿದೆ, ಹೊಟ್ಟು ನಿಲ್ಲಿಸಿದೆ, “ಎಲ್ಲಾರೂ ಹೊರಗ ಓಡ್ರಿ, ರಸ್ತೆಕ ಓಡ್ರಿ” ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಆಮೇಲೆ ಸಲಾಕೆ ಹಿಡಿದು ಒಲೆಯೊಳಗಿನ ಬೆಂಕಿಯನ್ನೆಲ್ಲ ಹೊರಗೆಳೆದೆ. ಮೊಣಕೈವರೆಗೆ ಸುಟ್ಟಿತು. ಆ ಕಲೆ ಈಗಲೂ ಇದೆ.

ಬಾಯ್ಲರ್ ಸಿಡಿಯಲಿಲ್ಲ. ನಾನು ಹೊರಗೆ ಬಂದಾಗ ಹದಿನಾರೂ ಜನ ರಸ್ತೆಯಲ್ಲಿ ನಿಂತಿದ್ದರು. ಒಂದಲ್ಲ, ಎರಡು ಸಲ ಎಣಿಸಿದೆ. ಬಾಗಿಲ ಹತ್ತಿರ ಮೇಸ್ತ್ರಿಯನ್ನು ಹುಡುಕಿದೆ, ಯಾರೂ ಇರಲಿಲ್ಲ.

ಜನ ನನ್ನನ್ನು ಸುತ್ತಿಕೊಂಡರು. ಒಬ್ಬರು ಕೈಮುಗಿದರು, ಒಬ್ಬರು ಸುಟ್ಟ ಕೈಗೆ ನೀರು ಸುರಿದರು. ಮಿಲ್ಲಿನ ಸಾವ್ಕಾರರು ಓಡಿ ಬಂದು ಎಲ್ಲರೆದುರು, “ಇವತ್ತು ನಿನ್ನಿಂದ ಎಲ್ಲಾರೂ ಉಳಿದ್ವಪಾ” ಎಂದು ಹೆಗಲು ತಟ್ಟಿದರು. ನಿಜ ಹೇಳುತ್ತೇನೆ, ಆ ಮಾತು ಬಹಳ ಹಿತವಾಗಿತ್ತು. ಸುಮ್ಮನೆ ತಲೆ ತಗ್ಗಿಸಿ ನಿಂತಿದ್ದರೆ ಸಾಕಿತ್ತು, ಸಿರುಗುಪ್ಪದಲ್ಲಿ ನನ್ನ ಹೆಸರು ದೊಡ್ಡದಾಗುತ್ತಿತ್ತು.

ಆಗ ಹುಲಿಗೆಮ್ಮ ಮುಂದೆ ಬಂದಳು. ಕರೂರಿನ ಹೆಣ್ಣುಮಕ್ಕಳಿಗೆಲ್ಲ ಹಿರಿಯಳು, ಬಾಯ್ಲರ್ ಕೋಣೆಯ ಗೋಡೆ ಪಕ್ಕದಲ್ಲೇ ಹೊಟ್ಟು ತುಂಬುವವಳು. “ಅಣ್ಣಾ, ಒಳಗ ನಿನ್ನ ಬೈಯಾಕತ್ತಿದ್ದ ಮುದುಕಪ್ಪ ಯಾರು? ಆತ ಹೊರಗ ಬರಲೇ ಇಲ್ಲಲ್ಲ” ಎಂದಳು.

ಹುಲಿಗೆಮ್ಮ ಆ ಮಿಲ್ಲಿಗೆ ಬಂದದ್ದೇ ಮೇಸ್ತ್ರಿ ಹೋದ ಮೇಲೆ. ಅವರ ಮುಖವನ್ನಾಗಲಿ ದನಿಯನ್ನಾಗಲಿ ಆಕೆ ಅರಿಯಳು. “ಏನಂದು ಬೈದ್ರು?” ಎಂದು ಕೇಳಿದೆ. “ನೀರು ಐತೇನಲೇ, ಸುಳ್ಳು ಹೇಳಾಕತ್ತೀಯಲೇ ಅಂದಂಗಾತು” ಎಂದಳು.

ಅದಾದ ಮೇಲೆ ಬಾಯಿ ಮುಚ್ಚಿಕೊಂಡು ನಿಲ್ಲುವುದು ನನ್ನಿಂದಾಗಲಿಲ್ಲ. ಜೇಬಿನ ಮಾತ್ರೆಯ ಪಟ್ಟಿಗಳನ್ನು ತೆಗೆದು ಎಲ್ಲರಿಗೂ ಕಾಣುವ ಹಾಗೆ ಹಿಡಿದೆ. “ನಾನು ಯಾರನ್ನೂ ಉಳಿಸಿಲ್ಲ. ಇದನ್ನ ತಿಂದು ಮಲಗಿದ್ದೆ. ಅಲಾರಂ ವೈರ್ ಕಿತ್ತವನೂ ನಾನೇ” ಎಂದೆ. ಸಾವ್ಕಾರರು ನನ್ನ ತೋಳು ಹಿಡಿದು, “ಬಾಯಿ ಮುಚ್ಚಲೇ, ಮಿಷನ್ ಕೆಟ್ಟಿತ್ತು ಅಂದ್ರಾತು” ಎಂದು ಪಿಸುಗುಟ್ಟಿದರು. “ಮಿಷನ್ ಚೊಲೋ ಐತ್ರಿ. ಕೆಟ್ಟವನು ನಾನು” ಎಂದೆ. ಪರಿಶೀಲನೆಗೆ ಅಧಿಕಾರಿಗಳು ಬಂದಾಗಲೂ ಅದನ್ನೇ ಬರೆದುಕೊಟ್ಟೆ. ಬಾಯ್ಲರ್ ನಡೆಸುವ ನನ್ನ ಸರ್ಟಿಫಿಕೇಟನ್ನು ಒಂದು ವರ್ಷ ತಡೆಹಿಡಿದರು. ಅದು ನ್ಯಾಯವೇ.

ಹುಲಿಗೆಮ್ಮ ಅಂದು ರಸ್ತೆಯಲ್ಲಿ ನನ್ನನ್ನು ದಿಟ್ಟಿಸಿ ನೋಡಿದ್ದು ಮರೆಯಲಾರೆ. “ನನ್ನ ಮಗಳು ಎಲ್ಡು ಜೀವದಾಕಿ. ಅಕಿನೂ ಇಲ್ಲೇ ಇದ್ದಳಲ್ಲೋ” ಎಂದಳು. ನಾನು ನಿಂತಲ್ಲೇ ಅತ್ತುಬಿಟ್ಟೆ. ಆಕೆ ನನ್ನ ಕೈಯಿಂದ ಮಾತ್ರೆಯ ಪಟ್ಟಿಗಳನ್ನು ಕಿತ್ತುಕೊಂಡು, “ಹೋಗು, ಚೊಲೋ ಆಗಿ ಬಾ. ಬಂದ ಮ್ಯಾಲ ನೀರು ಐತೇನಂತ ನಾನೇ ಬಂದು ಕೇಳ್ತೀನಿ” ಎಂದಳು.

ಆ ರಾತ್ರಿ ಹೆಂಡತಿಗೂ ಎಲ್ಲ ಹೇಳಿ, ಮರುದಿನವೇ ಚಟ ಬಿಡಿಸುವ ಆಸ್ಪತ್ರೆಗೆಂದು ಬಳ್ಳಾರಿಯ ಬಸ್ಸು ಹತ್ತಿದೆ. ದಾರಿಯಲ್ಲಿ ಮೋಕ ಊರು ದಾಟುವಷ್ಟರಲ್ಲಿ ಮೈ ನಡುಗತೊಡಗಿತು, ಇಳಿದು ಓಡಿಹೋಗೋಣ ಎನಿಸಿತು. ಹೆಂಡತಿ ನನ್ನ ಅಂಗಿ ತುದಿಯನ್ನು ಬಿಗಿಯಾಗಿ ಹಿಡಿದು ಕೂತಿದ್ದಳು. ಆಸ್ಪತ್ರೆಯಲ್ಲಿ ಕಳೆದ ದಿನಗಳನ್ನು ಬರೆಯುವುದಿಲ್ಲ. ಹಲ್ಲು ಕಚ್ಚಿ ಕಳೆದೆ, ಗೆದ್ದೆ, ಅಷ್ಟೇ.

ಬಿಡುಗಡೆಯಾದ ದಿನ ಸೀದಾ ಕುರುಗೋಡಿಗೆ ಹೋದೆ. ಪಂಪಣ್ಣ ಮೇಸ್ತ್ರಿ ಮಂಚದ ಮೇಲಿದ್ದರು. ಲಕ್ವಾ ಹೊಡೆದು ಐದು ತಿಂಗಳಿಂದ ಮಾತು ನಿಂತಿತ್ತು, ನನಗೆ ಅದೂ ಗೊತ್ತಿರಲಿಲ್ಲ. ನಾನು ಏನೂ ಹೇಳುವ ಮೊದಲೇ ಅವರ ಸೊಸೆ ಮಾತು ತೆಗೆದಳು. “ಒಂದಿನ ಮಾತ್ರ ಬಾಯಿ ಬಿಟ್ಟಿದ್ರಣ್ಣ. ಮಧ್ಯಾಹ್ನ, ನಾನು ಹುಡುಗರಿಗೆ ಚಾ ಕಾಸಾಕತ್ತಿದ್ದೆ. ನೀರು ನೀರು ಅಂದ್ರು. ನೀರಡಿಕಿ ಆಗೈತಿ ಅಂತ ಚೊಂಬು ಹಿಡಿದ್ರ ಸಿಟ್ಟಿಲೆ ದೂಡಿದ್ರು. ಎಲ್ಡು ಸಲ ಕೊಟ್ಟೆ, ಎಲ್ಡು ಸಲನೂ ಚೆಲ್ಲಿದ್ರು.” ಯಾವ ದಿನ ಎಂದು ಕೇಳಿದೆ. ಹೇಳಿದಳು. ಅದೇ ದಿನ.

ಮೇಸ್ತ್ರಿಯ ಕೈ ಹಿಡಿದು, “ಅಂದು ಬಾಗಿಲಿಗೆ ಬಂದು ಕೇಳಿದ್ದು ನೀವೇ ಏನ್ರಿ?” ಎಂದೆ. ಅವರ ಬಾಯಿ ಒಂದು ಕಡೆಗೆ ಎಳೆಯಿತು. ಅದು ನಗುವೋ ಲಕ್ವಾದ ಸೊಟ್ಟೋ, ತಿಳಿಯಲಿಲ್ಲ. ಮೂರು ವಾರದಲ್ಲಿ ಅವರು ತೀರಿಕೊಂಡರು.

ವರ್ಷ ಕಳೆದು ಸರ್ಟಿಫಿಕೇಟು ಕೈಗೆ ಬಂತು. ಸಾವ್ಕಾರರಿಗೆ ನಾನು ಬೇಕಿರಲಿಲ್ಲ. ಕರೂರಿನ ಹೆಣ್ಣುಮಕ್ಕಳೇ ಗುಂಪಾಗಿ ಹೋಗಿ, “ನಿಜ ಹೇಳಿದವನು ಆತ ಒಬ್ಬನೇ, ಆತನನ್ನೇ ಕರೀರಿ” ಎಂದು ಕೂತರಂತೆ, ಸಾವ್ಕಾರರು ಒಪ್ಪಲೇಬೇಕಾಯಿತು. ಮೊದಲ ದಿನ ಬೆಂಕಿ ಹಾಕಿ ಒಂದು ತಾಸಾಗಿರಬೇಕು. ಹುಲಿಗೆಮ್ಮ ಬಂದು ಬಾಗಿಲಲ್ಲಿ ನಿಂತಳು. ಕಂಕುಳಲ್ಲಿ ಮೊಮ್ಮಗಳು, ಹಿಂದೆ ಉಳಿದವರೆಲ್ಲ.

“ನೀರು ಐತೇನಣ್ಣಾ?”

ಐತಿ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. “ಒಳಗ ಬಾ ಯವ್ವಾ. ನೀನೇ ಕಾಕ್ ತಿರುವಿ ನೋಡು” ಎಂದೆ. ಆಕೆ ತಿರುವಿದಳು. ಬಿಸಿನೀರು ಭರ್ರೆಂದು ಹಾರಿ ನೆಲಕ್ಕೆ ಬಿತ್ತು, ಹೆಣ್ಣುಮಕ್ಕಳು ಹೋ ಎಂದು ಕೂಗಿ ಚಪ್ಪಾಳೆ ತಟ್ಟಿದರು. ನನ್ನ ಜೀವಮಾನದಲ್ಲಿ ಅಂಥ ಖುಷಿ ನನಗಾಗಿಲ್ಲ.

ಅಂದಿನಿಂದ ಪಾಳಿಯಲ್ಲಿ ತಾಸಿಗೊಬ್ಬರು ಬಂದು ಕೇಳುತ್ತಾರೆ, ತಿರುವಿ ನೋಡಿ ಹೋಗುತ್ತಾರೆ. ಆ ಮಧ್ಯಾಹ್ನ ನಾನು ಕೇಳಿದ್ದನ್ನು ಮಾತ್ರೆಯ ಅಮಲು ಎಂದು ತಳ್ಳಿಹಾಕಬಹುದು. ಆದರೆ ಹುಲಿಗೆಮ್ಮ ಚಹಾ ಬಿಟ್ಟರೆ ಬೇರೇನೂ ಕುಡಿದವಳಲ್ಲ. ಅದನ್ನು ಏನೆನ್ನಬೇಕೋ ನನಗೆ ತಿಳಿಯದು. ಆದರೆ ಈಗ ಬಾಗಿಲಲ್ಲಿ ಯಾರೇ ಕೇಳಲಿ, ಕಾಣುವವರಾಗಲಿ, ಕಾಣದವರಾಗಲಿ, ನಾನು ಮೊದಲು ತಿರುವಿ ನೋಡಿಯೇ ಉತ್ತರ ಕೊಡುತ್ತೇನೆ.