ಒಂದು ಬೆರಳು ನೀರು

ಫಕ್ಕೀರಪ್ಪ ಕಾಕಾ ನೀರನ್ನು ಬೆರಳಿನಲ್ಲಿ ಅಳೆಯುತ್ತಿದ್ದರು. ಹಾನಗಲ್ ಹತ್ತಿರದ ಅವರೂರಿನ ಕೆರೆಯ ತೂಬಿನ ಕೀಲಿ ಮೂವತ್ತು ವರ್ಷ ಅವರ ಉಡದಾರದಲ್ಲೇ ಇತ್ತು. ನಾಟಿಯ ಹೊತ್ತಿಗೆ ತೂಬಿನ ಬಾಗಿಲು ನಾಲ್ಕು ಬೆರಳು ತೆರೆಯುವರು, ಭತ್ತ ತೆನೆ ಕಟ್ಟಿದ ಮೇಲೆ ಎರಡು.

ನಾನು ದಿನಾ ಬೆಳಿಗ್ಗೆ ಹಾನಗಲ್ ತಾಲೂಕು ಕಚೇರಿ ಅಂಗಳದ ಮಳೆಮಾಪಕದ ಡಬ್ಬಿಯಲ್ಲಿ ಮಳೆ ಅಳೆದು ರಜಿಸ್ಟರಿನಲ್ಲಿ ಬರೆಯುವವಳು. ಕಾಕಾ ಸಂತೆಗೆ ಬಂದಾಗ ಇಣುಕುವರು: "ಅಕ್ಕಾರ, ನಿಮ್ಮ ಡಬ್ಬಿ ಏನಂತೈತ್ರಿ? ನನ್ನ ಮೊಣಕಾಲು ನಿನ್ನೇನ ಹೇಳೇತಿ."

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ನಾಲ್ಕೂ ತಾಲೂಕಿನ ನೀರನ್ನು ಕಂಪ್ಯೂಟರಿನೊಳಗೆ ಹರಿಸಿ ನೋಡುತ್ತೇವೆಂದು ಒಂದು ತಂಡ ಬಂತು. ಮಳೆ-ಹೊಳೆಯದೊಂದು ಲೆಕ್ಕ, ಬೋರಿನ ನೀರಿನದೊಂದು, ಜನ ನೀರು ಬಳಸುವ ರೀತಿಯದೊಂದು. ಮೂರನ್ನೂ ಜೋಡಿಸಬೇಕಿತ್ತು. ಮಳೆಗೆ ನನ್ನ ರಜಿಸ್ಟರ್, ಜನರ ವಿಷಯಕ್ಕೆ ಕಾಕಾ.

"ನೀರು ಇಳಕಲಕ್ಕ ಹೋಗತೈತ್ರಿ. ಮನಷ್ಯಾ ಅದನ್ನ ದಿಬ್ಬಾನೂ ಹತ್ತಸ್ತಾನ. ಅವನ್ನ ಬಿಟ್ರ ನಿಮ್ಮ ಲೆಕ್ಕ ಕುಂಟತೈತಿ" ಎಂದರು.

ಲೆಕ್ಕ ಕುಂಟಿತು. ಕಂಪ್ಯೂಟರಿನ ಕೆರೆಯಲ್ಲಿ ನೀರು ಉಳಿಯುತ್ತಿತ್ತು, ನಿಜದ ಕೆರೆ ಬೇಗ ಬತ್ತಿತ್ತು. ತಂಡದ ಹುಡುಗಿ ಎಲ್ಲ ಕೇಳಿ ಕೇಳಿ ಸೋತಳು. ಕಾಕಾ ಉಡದಾರದ ಕೀಲಿ ಮುಟ್ಟಿ, "ಒಂದು ಬೆರಳು ಹೆಚ್ಚಿಗಿ ಬರಕೋ ಯವ್ವಾ" ಎಂದರು. "ನಮ್ಮಕ್ಕನ ಹೊಲ ಕಾಲಿವಿ ಕಡೀಕ ಐತಿ. ಗಂಡ ಇಲ್ಲದಾಕಿ. ಊರಿಗೆ ಹೇಳದ ನಾನ ಬಿಡ್ತಿದ್ನಿ."

"ಬರೀಲೇಬೇಕಾ ಅಜ್ಜಾ?" ಎಂದಳು ಹುಡುಗಿ.

"ಬರೀದಿದ್ರ ಲೆಕ್ಕ ಸುಳ್ಳಾಕೈತಿ."

ನನ್ನ ತೊಡೆಯ ಮೇಲೆ ರಜಿಸ್ಟರ್ ಇತ್ತು. ಲೆಕ್ಕಕ್ಕೆ ತೆಗೆದುಕೊಂಡಿದ್ದ ಮಳೆಗಾಲದಲ್ಲೇ ನನ್ನ ಅವ್ವ ಹಾಸಿಗೆ ಹಿಡಿದಿದ್ದಳು; ಎಷ್ಟೋ ದಿನ ಡಬ್ಬಿ ನೋಡದೆ ಅಂದಾಜಿಗೆ ಮಳೆ ಬರೆದಿದ್ದೆ. ಕೆರೆಯಲ್ಲಿ ಕಡಿಮೆಯಾದದ್ದು ಅವರ ಬೆರಳಿನ ನೀರೋ, ಬೀಳದಿದ್ದರೂ ನಾನು ಬರೆದ ಮಳೆಯೋ, ಇಂದಿಗೂ ತಿಳಿಯದು. ನಾನು ಬಾಯಿ ಬಿಡಲಿಲ್ಲ.

ವರದಿಯನ್ನು ಊರ ಸಭೆಯಲ್ಲಿ ಓದಿದರು. ಆ ಹೆಚ್ಚಿನ ಒಂದು ಬೆರಳು ಅದರಲ್ಲಿತ್ತು; ಹೆಸರಿರಲಿಲ್ಲ, ಆದರೆ ತೂಬು ಕಾಯುತ್ತಿದ್ದವರು ಒಬ್ಬರೇ. "ಬೇಲೀನ ಎದ್ದು ಹೊಲಾ ಮೇಯ್ತಲ್ಲೋ ಫಕ್ಕೀರ್ಯಾ!" ಎಂದು ಯಾರೋ ಕೂಗಿದರು. ಕೀಲಿ ಕಸಿದುಕೊಂಡರು. ಅದೇ ವಾರ ಅಕ್ಕನ ಹೊಲದ ಕಾಲುವೆಗೆ ಮಣ್ಣು ಬಿತ್ತು. ಅಕ್ಕ ತಮ್ಮನ ಜೊತೆ ಮಾತು ಬಿಟ್ಟಳು.

ಕಾಕಾನನ್ನು ನಾನು ಕೊನೆಗೆ ಕಂಡದ್ದು ಹಾನಗಲ್ ಬಸ್‌ಸ್ಟ್ಯಾಂಡಿನಲ್ಲಿ. ಹುಬ್ಬಳ್ಳಿ ದವಾಖಾನೆಗೆ ಹೊರಟಿದ್ದರು. ಹೊಟ್ಟೆ ಉಬ್ಬಿತ್ತು, ಕೈಕಾಲು ಕಡ್ಡಿಯಾಗಿದ್ದವು.

"ಕೀಲಿ ಹೋತು, ಹೋಗ್ಲಿ ಬಿಡ್ರಿ ಅಕ್ಕಾರ. ನಿಮ್ಮ ಮಳಿ ಖರೆ, ನನ್ನ ಬೆರಳ ಖರೆ. ಲೆಕ್ಕಾದ್ರೂ ಸುಳ್ಳಾಗಲಿಲ್ಲಲ್ಲ?"

"ಇಲ್ಲ ಕಾಕಾ" ಎಂದೆ.

ಬಸ್ಸು ಬಂತು. ನೂಕುನುಗ್ಗಲಿನಲ್ಲಿ ಹತ್ತಿ ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟೆ. ಹುಬ್ಬಳ್ಳಿಯಿಂದ ಅವರು ಜೀವಂತ ಮರಳಲಿಲ್ಲ.