ನಾಲ್ಕು ಉತ್ತರಕ್ಕೂ ಒಂದೇ ದನಿ

ಬೆಳಗಿನ ಐದು ಗಂಟೆ. ಇಸ್ತ್ರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಮೂರು ತಂತಿ ಕಟ್ಟಿದ್ದಾರೆ. ತಂತಿಯ ತುಂಬ ಅಂಗಿಗಳು, ಕೋಟುಗಳು, ಯಾವುದೋ ಶಾಲೆಯ ನೀಲಿ ಸಮವಸ್ತ್ರಗಳು. ಬಟ್ಟೆ ದನಿಯನ್ನು ಹೀರಿಕೊಳ್ಳುವುದರಿಂದ ಇಲ್ಲಿ ಮಾತು ಮಾರ್ದನಿಸುವುದಿಲ್ಲ, ಬಿದ್ದಲ್ಲೇ ನಿಲ್ಲುತ್ತದೆ. ಅಂಗಿಗಳ ನಡುವೆ ಒಂದು ಮೇಜು, ಎರಡು ಸ್ಟೂಲು. ಒಂದರ ಮೇಲೆ ಕೂತ ಅರವತ್ತೊಂದರ ಹೆಂಗಸು ಎಡ ಅಂಗೈಯನ್ನು ತಮ್ಮ ಗಂಟಲಿಗೇ ಒತ್ತಿ ಹಿಡಿದು ಓದುತ್ತಾರೆ.

"ಲೇಖಕರ ಪ್ರಕಾರ ಸೇತುವೆ ಬಂದ ಮೇಲೆ ಊರಿನಲ್ಲಾದ ದೊಡ್ಡ ಬದಲಾವಣೆ ಯಾವುದು? ಒಂದು. ದೋಣಿಯವರು ಬೇರೆ ಕೆಲಸ ಹಿಡಿದರು."

ಬಲಗೈಯ ಪೆನ್ಸಿಲು ಮೇಜಿಗೆ ಎರಡು ಸಲ ತಟ್ಟುತ್ತದೆ.

"ಎರಡು. ಅಂಗಡಿಗಳು ಹೆಚ್ಚಿದವು." ಎರಡು ತಟ್ಟು. "ಮೂರು. ಜನ ನದಿಯನ್ನು ನೋಡುವುದನ್ನೇ ಬಿಟ್ಟರು." ಎರಡು ತಟ್ಟು. "ನಾಲ್ಕು. ಮನೆಗಳ ಬಾಡಿಗೆ ಏರಿತು." ಮತ್ತೆ ಎರಡು ತಟ್ಟು.

ಎದುರಿನ ಸ್ಟೂಲಿನಲ್ಲಿ ಹತ್ತೊಂಬತ್ತರ ಹುಡುಗಿ ತಲೆ ಬಗ್ಗಿಸಿ ಕೂತಿದ್ದಾಳೆ. "ಮೂರು" ಎನ್ನುತ್ತಾಳೆ. ಓದುವವರು ಹೌದು ಎನ್ನುವುದಿಲ್ಲ, ಅಲ್ಲ ಎನ್ನುವುದೂ ಇಲ್ಲ. ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಗಂಟಲ ಮೇಲಿನ ಕೈ ಅಲ್ಲೇ ಇರುತ್ತದೆ.

ಈ ಬೀದಿಯಲ್ಲಿ ಎಲ್ಲರೂ ಅವರನ್ನು ಓದಕ್ಕ ಎಂದೇ ಕರೆಯುವುದು. ಕಣ್ಣಿಲ್ಲದ ಮಕ್ಕಳಿಗೆ ಓದಿ ಹೇಳುವುದು, ಅವರು ಹೇಳಿದ್ದನ್ನು ಬರೆದುಕೊಡುವುದು, ಹೀಗೆ ಕಾಲೇಜು ಪ್ರವೇಶ ಪರೀಕ್ಷೆಗೆ ಅವರನ್ನು ತಯಾರು ಮಾಡುವುದು ಓದಕ್ಕನ ಕೆಲಸ. ಒಂಬತ್ತು ವರ್ಷಗಳಲ್ಲಿ ಇಪ್ಪತ್ತಮೂರು ಮಕ್ಕಳು ಅವರ ಎದುರಿಗೆ ಕೂತು ಎದ್ದಿದ್ದಾರೆ. ಇಪ್ಪತ್ತಮೂರನೆಯವಳು ಇವಳು, ಇಸ್ತ್ರಿಯವರ ಒಬ್ಬಳೇ ಮಗಳು. ಹನ್ನೆರಡನೇ ವಯಸ್ಸಿನಲ್ಲಿ ಜ್ವರ ಬಂದು ದೃಷ್ಟಿ ಹೋಯಿತು. ಬ್ರೈಲ್ ಕಲಿತದ್ದು ತಡವಾಗಿ. ಬೆರಳು ಓದುತ್ತದೆ, ಆದರೆ ಗಡಿಯಾರದ ಜೊತೆ ಓಡುವುದಿಲ್ಲ. ಆದ್ದರಿಂದ ಪರೀಕ್ಷೆಯಲ್ಲಿ ಒಬ್ಬರು ಪಕ್ಕದಲ್ಲಿ ಕೂತು ಪ್ರಶ್ನೆಪತ್ರಿಕೆ ಓದಬಹುದು, ಅವಳು ಹೇಳಿದ್ದನ್ನು ಬರೆಯಬಹುದು. ಆ ಒಬ್ಬರು ಯಾರೆಂದು ಪರೀಕ್ಷೆಯವರೇ ಗೊತ್ತುಮಾಡುತ್ತಾರೆ. ಪರಿಚಯದವರು ಕೂರುವಂತಿಲ್ಲ. ಪರೀಕ್ಷೆ ಬರೆಯಲು ಎರಡೇ ಅವಕಾಶ. ಹೋದ ವರ್ಷ ಒಂದು ಕಳೆದುಹೋಗಿದೆ. ಉಳಿದದ್ದಕ್ಕೆ ಇನ್ನು ಒಂಬತ್ತು ದಿನ.

ಓದಕ್ಕ ಇಪ್ಪತ್ತಾರು ವರ್ಷ ಒಂದು ಅಚ್ಚುಕೂಟದಲ್ಲಿದ್ದವರು. ಕರಡು ತಿದ್ದುವವರ ಪಕ್ಕ ಕೂತು ಮೂಲಪ್ರತಿಯನ್ನು ಗಟ್ಟಿಯಾಗಿ ಓದುವ ಕೆಲಸ. ಅಕ್ಷರ ಮಾತ್ರವಲ್ಲ, ಕಾಮಾ, ಫುಲ್‌ಸ್ಟಾಪು, ಹೊಸ ಪ್ಯಾರಾ, ಎಲ್ಲವನ್ನೂ ಬಾಯಲ್ಲಿ ಹೇಳಬೇಕು. ಅರ್ಥಕ್ಕೆ ಮನಸ್ಸು ಕೊಟ್ಟರೆ ತಪ್ಪು ನುಸುಳುತ್ತದೆ. "ನಮ್ಮನೆಯವರು ನಗ್ತಿದ್ರು. ನೀನು ಓದಿದ್ರೆ ಮದುವೆ ಕಾಗದಾನೂ ಸಾವಿನ ಸುದ್ದಿ ಥರ ಕೇಳ್ಸುತ್ತೆ ಕಣೇ ಅಂತ" ಎಂದು ನೆನೆಯುತ್ತಾರೆ. ಕಂಪ್ಯೂಟರು ಬಂತು, ಅಚ್ಚುಕೂಟಕ್ಕೆ ಅವರ ದನಿ ಬೇಡವಾಯಿತು. ಮರುವರ್ಷ ಮನೆಯವರೂ ಹೋದರು. "ಮನೇಲಿ ಮಾತಾಡೋಕೆ ಯಾರೂ ಇರ್ಲಿಲ್ಲ. ಸುಮ್ನೆ ಇದ್ದ ಬಾಯಿ ನೋಡಿ, ಈ ಕೆಲಸಕ್ಕೆ ಬಂತು."

ಮಕ್ಕಳ ಮುಂದೆ ಕೂತ ಮೇಲೆ ಆ ದನಿ ಬದಲಾಯಿತು. ಕಲ್ಲಿನ ಹಾಗಿದ್ದದ್ದು ಮೆತ್ತಗಾಯಿತು. ಕತ್ತಲಲ್ಲಿ ಕೂತ ಮಗುವಿಗೆ ಓದುವಾಗ ಎಲ್ಲಿ ಎಳೆಯಬೇಕು, ಎಲ್ಲಿ ಇಳಿಸಬೇಕು ಎಂದು ಯಾರೂ ಹೇಳಿಕೊಡಬೇಕಾಗಲಿಲ್ಲ. ಓದಕ್ಕ ಓದಿದರೆ ಕಣ್ಣಿಗೆ ಕಟ್ಟುತ್ತದೆ ಎಂದು ತಾಯಂದಿರು ಹೇಳಿಕೊಂಡು ತಿರುಗಿದರು. ಹೊಗಳಿಕೆ ಯಾರಿಗೆ ಬೇಡ?

ಇಸ್ತ್ರಿಯವರ ಮಗಳು ಹೋದ ವರ್ಷ ಇದೇ ಕೋಣೆಯಲ್ಲಿ, ಇದೇ ದನಿಯಲ್ಲಿ ಅಭ್ಯಾಸ ಮಾಡಿದಳು. ಓದುವ ಭಾಗದ ನಲವತ್ತನಾಲ್ಕು ಪ್ರಶ್ನೆಗಳಲ್ಲಿ ಮೂವತ್ತೆಂಟಕ್ಕಿಂತ ಕೆಳಗೆ ಇಳಿದದ್ದೇ ಇಲ್ಲ. ಪರೀಕ್ಷೆಯ ಕೋಣೆಯಲ್ಲಿ ಬಂದದ್ದು ಹದಿನೇಳು. ಹೆದರಿಕೆ ಎಂದರು ಎಲ್ಲರೂ. ದೃಷ್ಟಿ ತಾಗಿತು ಎಂದರು ಕೆಲವರು. ಅಂಗಡಿ ತೆರೆದಿಟ್ಟುಕೊಂಡೇ ಅಪ್ಪ ಎರಡು ದಿನ ಯಾರ ಬಟ್ಟೆಯನ್ನೂ ಮುಟ್ಟಲಿಲ್ಲ.

ನಿಜ ಗೊತ್ತಾದದ್ದು ಒಂದು ನೆಗಡಿಯಿಂದ. ಫಲಿತಾಂಶ ಬಂದ ತಿಂಗಳಲ್ಲೇ ಓದಕ್ಕನ ಗಂಟಲು ಕಟ್ಟಿತು. ಒಂದು ದಿನವೂ ಬಿಡಬಾರದೆಂದು ಪಕ್ಕದ ಗಡಿಯಾರ ರಿಪೇರಿಯವರನ್ನು ಕೂರಿಸಿ ಓದಿಸಿದರು. ಹುಡುಗಿಗೆ ಹತ್ತೊಂಬತ್ತು ಬಂತು. ಓದಕ್ಕ ಪುಸ್ತಕ ಮುಚ್ಚಿ, ಇಲ್ಲದ ದನಿಯಲ್ಲೇ ಕೇಳಿದರು: "ಯಾಕೆ ಮಗಾ? ಇಲ್ಲಿ ಹೆದರಿಕೆ ಏನಿದೆ?"

ಅವಳು ಹೇಳಿದ್ದನ್ನು ಓದಕ್ಕ ಇಂದಿಗೂ ಅಕ್ಷರ ಬಿಡದೆ ಒಪ್ಪಿಸುತ್ತಾರೆ. "ಓದಕ್ಕ, ನೀವು ಸರಿ ಉತ್ತರಕ್ಕೆ ಬಂದಾಗ ಒಂದು ಚೂರು ಉಸಿರು ತಗೋತೀರಿ. ಇವರು ತಗೊಳ್ಲಿಲ್ಲ. ನಾನು ಪಾಠ ಕೇಳ್ತಿರ್ಲಿಲ್ಲ ಅನ್ಸುತ್ತೆ. ನಿಮ್ಮನ್ನ ಕೇಳ್ತಿದ್ದೆ."

ಬೇಕೆಂದು ಮಾಡಿದ್ದಲ್ಲ, ಇವಳೂ ಅಲ್ಲ, ಅವರೂ ಅಲ್ಲ. ಪ್ರೀತಿ ಇದ್ದಲ್ಲಿ ದನಿ ತಾನಾಗಿ ವಾಲುತ್ತದೆ. ಬೇರೆ ದಾರಿ ಇಲ್ಲದ ಕಿವಿ ಅದನ್ನು ಹಿಡಿಯುತ್ತದೆ. ಆದರೆ ಓದಕ್ಕ ಹೀಗೆ ತಮ್ಮನ್ನು ಸಮಾಧಾನ ಮಾಡಿಕೊಳ್ಳಲಿಲ್ಲ. ಹಳೆಯ ವಿಳಾಸಗಳನ್ನು ಹುಡುಕಿ, ಉಳಿದ ಇಪ್ಪತ್ತೆರಡು ಮಕ್ಕಳಲ್ಲಿ ಸಿಕ್ಕವರ ಮನೆಗೆಲ್ಲ ಹೋದರು. ಬಾಗಿಲಲ್ಲೇ ನಿಂತು ಒಂದೇ ಪ್ರಶ್ನೆ ಕೇಳಿದರು: ಸರಿ ಉತ್ತರ ನನ್ನ ಉಸಿರಿನಿಂದ ತಿಳಿಯುತ್ತಿತ್ತೇ? ಹದಿನಾಲ್ಕು ಜನ ಸಿಕ್ಕಿದರು, ಆರು ಜನ ಹೌದೆಂದರು. ಅವರಲ್ಲೊಬ್ಬ ಈಗ ಆಸ್ಪತ್ರೆಯಲ್ಲಿ ಫೋನ್ ಎತ್ತುವ ಕೆಲಸದಲ್ಲಿದ್ದಾನೆ. "ಅದು ನಮಗೆಲ್ಲಾ ಗೊತ್ತಿತ್ತಲ್ಲಕ್ಕಾ. ನಿಮಗೆ ಗೊತ್ತಿಲ್ಲ ಅನ್ನೋದೇ ಗೊತ್ತಿರ್ಲಿಲ್ಲ" ಎಂದು ನಕ್ಕನಂತೆ. ಓದಕ್ಕನಿಗೆ ನಗು ಬರಲಿಲ್ಲ.

"ಆರು ಮಕ್ಕಳು" ಎಂದು ಬೆರಳು ಮಡಿಸುತ್ತಾರೆ. "ಅವರಲ್ಲಿ ನಾಲ್ಕು ಜನಕ್ಕೆ ಸೀಟು ಸಿಗ್ಲಿಲ್ಲ. ನನ್ನಿಂದ್ಲೇ ಅಂತ ಹೇಳೋಕಾಗಲ್ಲ. ಅಲ್ಲ ಅಂತಾನೂ ಹೇಳೋಕಾಗಲ್ಲ. ಅದನ್ನ ಹೊಟ್ಟೆಗೆ ಹಾಕ್ಕೊಂಡು ಇರ್ಬೇಕು."

ಅಂದಿನಿಂದ ಗಂಟಲ ಮೇಲೆ ಕೈ. ದನಿ ಒಂದು ಎಳೆ ಏರಿದರೂ ಅಂಗೈಗೆ ತಿಳಿಯುತ್ತದೆ. ಎರಡು ಉತ್ತರಗಳ ನಡುವೆ ಉಸಿರಿಗೆ ಇರುವ ಜಾಗ ಎರಡು ತಟ್ಟು, ಹೆಚ್ಚಿಲ್ಲ, ಕಮ್ಮಿಯಿಲ್ಲ. ಬೆಳಗ್ಗೆ ನಾಲ್ಕಕ್ಕೆ ಎದ್ದು ಮನೆಯಲ್ಲಿ ಒಬ್ಬರೇ ಬಸ್ಸಿನ ವೇಳಾಪಟ್ಟಿಯನ್ನು ಗಟ್ಟಿಯಾಗಿ ಓದುತ್ತಾರೆ. ಅದರಲ್ಲಿ ಪ್ರೀತಿಸುವಂಥದ್ದು ಏನೂ ಇಲ್ಲ ಎಂಬುದೇ ಕಾರಣ. ಪದ್ಯವನ್ನು ರಾಗಕಟ್ಟಿ ಹೇಳುವವರ ನಡುವೆ ಬೆಳೆದವರಿಗೆ ಓದೆಂದರೆ ಭಾವ. ಇಲ್ಲಿ ಒಬ್ಬ ಹೆಂಗಸು ದಿನವೂ ಸೂರ್ಯ ಹುಟ್ಟುವ ಮುಂಚೆ ಎದ್ದು ತನ್ನ ದನಿಯಿಂದ ಭಾವವನ್ನು ಒರೆಸುತ್ತಾಳೆ. ಇದೂ ಒಂದು ಪ್ರಾರ್ಥನೆಯೇ.

"ನಾಲ್ಕು ಉತ್ತರಾನೂ ನಾಲ್ಕು ಮಕ್ಕಳಿದ್ದ ಹಾಗೆ. ಬಡಿಸೋವಾಗ ಮುಖ ನೋಡ್ಬಾರ್ದು" ಎನ್ನುತ್ತಾರೆ ಅವರು. "ಗೊತ್ತಿರೋದನ್ನ ಗೊತ್ತಿಲ್ಲದ ಹಾಗೆ ಓದೋದಿದೆಯಲ್ಲ, ಅಷ್ಟು ಕಷ್ಟ ಇನ್ನೊಂದಿಲ್ಲ."

ಆದರೂ ತಮ್ಮ ದನಿಯನ್ನು ಅವರು ಪೂರ್ತಿ ನಂಬುವುದಿಲ್ಲ. ಅಂಗಡಿಯಲ್ಲಿ ಎಂಟು ತಿಂಗಳಿಂದ ನಡೆದುಬಂದ ಒಂದು ಪದ್ಧತಿಯ ಮೂಲ ಇದು. ಬೆಳಗ್ಗೆ ಬಟ್ಟೆ ಒಯ್ಯಲು ಬಂದವರು ಪ್ರಶ್ನೆಪತ್ರಿಕೆಯ ಒಂದು ಪುಟ ಓದಿಯೇ ಒಯ್ಯಬೇಕು. ಹುಡುಗಿಗೆ ಪರಿಚಯವಿಲ್ಲದ ದನಿಗಳ ಅಭ್ಯಾಸವಾಗಲಿ ಎಂದು ಓದಕ್ಕನೇ ತಂದ ಕಟ್ಟಳೆ. ಇಂದಿನವರೆಗೆ ನೂರ ನಲವತ್ತೊಂದು ದನಿಗಳಾಗಿವೆ.

ಏಳು ಗಂಟೆಗೆ ಒಬ್ಬ ಟ್ರಾಫಿಕ್ ಪೊಲೀಸ್ ಬರುತ್ತಾರೆ. ಅವರ ಸಮವಸ್ತ್ರ ತಂತಿಯ ಮೇಲಿದೆ.

"ಇಸ್ತ್ರಿಯವ್ರೇ, ಲೇಟಾಗಿದೆ, ಕೊಟ್ಬಿಡ್ರಿ."

"ಒಂದು ಪುಟ ಸಾರ್. ನಿಮ್ಮ ಪ್ಯಾಂಟಿಗೆ ಗೆರೆ ಕೂರೋದ್ರೊಳಗೆ ಮುಗಿಯುತ್ತೆ."

ಅವರು ಪುಟ ಕೈಗೆ ತೆಗೆದುಕೊಂಡು ಓದುತ್ತಾರೆ, ಒಂದೊಂದು ಉತ್ತರವನ್ನೂ ದಂಡದ ಚೀಟಿ ಹರಿದುಕೊಡುವ ಹಾಗೆ. ಅಷ್ಟರಲ್ಲಿ ಗಡಿಯಾರ ರಿಪೇರಿಯವರೂ ಬಂದು ಬಾಗಿಲಿಗೆ ಒರಗಿದ್ದಾರೆ. "ಇದರಲ್ಲಿ ಮೂರು ಉತ್ತರಾನೂ ಸರಿ ಇದಾವಲ್ರೀ! ಇದ್ಯಾವ ಸೀಮೆ ಪರೀಕ್ಷೆ?" ಎಂದು ಜಗಳಕ್ಕೇ ನಿಲ್ಲುತ್ತಾರೆ.

"ಮಾವ, ನೀವು ಸುಮ್ನಿದ್ರೆ ಒಂದೇ ಸರಿ ಇರುತ್ತೆ" ಎನ್ನುತ್ತಾಳೆ ಹುಡುಗಿ.

"ನೋಡಿದ್ರಾ ಬಾಯಿ! ಲಾಯರ್ ಆಗ್ತಾಳಂತೆ. ಮನೇಲಿ ಈಗ್ಲೇ ನನ್ನ ಕೇಸು ದಿನಾ ಸೋಲುತ್ತೆ" ಎಂದು ಅಪ್ಪ ಇಸ್ತ್ರಿಪೆಟ್ಟಿಗೆ ಎತ್ತಿಡುತ್ತಾರೆ. ನಗು ಬಂದದ್ದು ಅಲ್ಲಿಗೇ ನಿಲ್ಲುತ್ತದೆ. ಸೀಟು ಸಿಗದಿದ್ದರೆ ಏನು ಎಂಬ ಮಾತನ್ನು ಈ ಅಂಗಡಿಯಲ್ಲಿ ಯಾರೂ ಆಡುವುದಿಲ್ಲ. ಕಾನೂನು ಕಾಲೇಜಿಗೆ ಹೋಗಲು ಅವಳಿಗೆ ಇದೊಂದೇ ಬಾಗಿಲು.

ಪೊಲೀಸರು ಓದಿದ ಪುಟದಲ್ಲಿ ಹನ್ನೊಂದು ಪ್ರಶ್ನೆ, ಅವಳ ಒಂಬತ್ತು ಉತ್ತರ ಸರಿ. ಪೂರ್ತಿ ಪತ್ರಿಕೆಯನ್ನು ಅಪರಿಚಿತರು ಹಂಚಿಕೊಂಡು ಓದಿದರೆ ಈಗ ಮೂವತ್ತೈದರ ಹತ್ತಿರ ಬರುತ್ತಾಳೆ. ಹತ್ತೊಂಬತ್ತರಿಂದ ಇಲ್ಲಿಗೆ ಬರಲು ಎಂಟು ತಿಂಗಳು ಹಿಡಿದಿದೆ.

ಬರೆಯುವ ಭಾಗದ ಅಭ್ಯಾಸ ಎಂಟು ಗಂಟೆಗೆ. ಊರಿಗೆ ಮೊದಲು ಬೇಕಾದದ್ದು ಹೊಸ ರಸ್ತೆಯೋ ಗ್ರಂಥಾಲಯವೋ ಎಂಬ ವಿಷಯ. ಹುಡುಗಿ ಬಾಯಲ್ಲಿ ಹೇಳುತ್ತಾಳೆ, ಓದಕ್ಕ ಬರೆಯುತ್ತಾರೆ. ಹೇಳಿದ್ದಷ್ಟೇ ಬರೆಯಬೇಕು, ತಿದ್ದುವಂತಿಲ್ಲ. ಕಾಮಾ ಹೇಳದಿದ್ದರೆ ಕಾಮಾ ಇಲ್ಲ. ಎರಡು ಸಲ ಅದೇ ಮಾತು ಹೇಳಿದರೆ ಎರಡು ಸಲವೂ ಬರೆಯಬೇಕು. ಹಳೆಯ ಅಚ್ಚುಕೂಟದ ವಿದ್ಯೆ ಇಲ್ಲಿ ಕೈಹಿಡಿದಿದೆ. ಹುಡುಗಿ ಈಗ ಅವರಂತೆಯೇ ಹೇಳುತ್ತಾಳೆ: "ರಸ್ತೆ ನಮ್ಮನ್ನು ಊರಿನಿಂದ ಹೊರಗೆ ಒಯ್ಯುತ್ತದೆ ಫುಲ್‌ಸ್ಟಾಪ್ ಹೊಸ ಪ್ಯಾರಾ ಆದರೆ ಕಾಮಾ ಎಲ್ಲಿಗೆ ಎಂದು ಹೇಳುವುದಿಲ್ಲ ಫುಲ್‌ಸ್ಟಾಪ್." ಮುಂದೆ ಒಂದು ವಾಕ್ಯ ದಾರಿ ತಪ್ಪುತ್ತದೆ. ಓದಕ್ಕನ ತುಟಿ ಅಲುಗುತ್ತದೆ. ಎಡಗೈಯನ್ನು ಬಾಯಿಗೆ ಅಡ್ಡ ಇಟ್ಟುಕೊಂಡು ಬರೆಯುತ್ತಾರೆ. ತಪ್ಪು ವಾಕ್ಯ ತಪ್ಪಾಗಿಯೇ ಕಾಗದಕ್ಕೆ ಇಳಿಯುತ್ತದೆ.

"ಕೈ ತುರಿಸುತ್ತೆ" ಎಂದು ಆಮೇಲೆ ಒಪ್ಪಿಕೊಳ್ಳುತ್ತಾರೆ. "ಆದ್ರೆ ನಾನು ತಿದ್ದಿದ್ರೆ ಅದು ನನ್ನ ಬರಹ. ನಂಗ್ಯಾಕೆ ಕಾಲೇಜು ಸೀಟು?"

ನಿಮಗೊಂದು ಆಸೆ ಅಂತ ಇದ್ದರೆ ಯಾವುದು ಎಂದು ಕೇಳಿದಾಗ ಬಿಸಿನೀರಿನ ಲೋಟ ಖಾಲಿ ಮಾಡುತ್ತಾರೆ, ಬೆಳಗಿನಿಂದ ಅದು ಆರನೆಯದು. "ಪರೀಕ್ಷೆ ಮುಗಿದ ಮೇಲೆ ಇವಳಿಗೆ ಒಂದು ಕಥೆ ಓದ್ಬೇಕು. ಪ್ರಶ್ನೆ ಇಲ್ಲದೆ ಇರೋ ಕಥೆ. ಉಸಿರು ಎಲ್ಲಿ ಬೇಕೋ ಅಲ್ಲಿ ತಗೊಂಡು."

ಪರೀಕ್ಷೆಯ ಭಾನುವಾರ ಇಸ್ತ್ರಿ ಅಂಗಡಿ ಮುಚ್ಚಿದೆ. ಹನ್ನೊಂದು ವರ್ಷಗಳಲ್ಲಿ ಇದು ಮೊದಲು. ಪರೀಕ್ಷೆ ನಡೆಯುವ ಕಟ್ಟಡದ ಗೇಟಿನ ಎದುರು, ಮರದ ಕೆಳಗಿನ ಕಲ್ಲುಕಟ್ಟೆಯ ಮೇಲೆ ಅಪ್ಪ ಮತ್ತು ಓದಕ್ಕ ಮೂರು ತಾಸಿನಿಂದ ಕೂತಿದ್ದಾರೆ. ಅಪ್ಪ ತಮ್ಮ ಅಂಗಿಯ ಅಂಚನ್ನು ಅಂಗೈಯಿಂದ ಮತ್ತೆ ಮತ್ತೆ ಸವರುತ್ತಾರೆ, ಅಲ್ಲಿ ಇಲ್ಲದ ಸುಕ್ಕನ್ನು. ಬೆಳಗಿನಿಂದ ಓದಕ್ಕ ಏನನ್ನೂ ಗಟ್ಟಿಯಾಗಿ ಓದಿಲ್ಲ.

ಗಂಟೆ ಹೊಡೆಯುತ್ತದೆ. ಮಕ್ಕಳು ಗುಂಪುಗುಂಪಾಗಿ ಹೊರಬರುತ್ತಾರೆ. ಎಲ್ಲರಿಗಿಂತ ಕೊನೆಗೆ, ಕೋಲಿನಿಂದ ಮೆಟ್ಟಿಲು ತಡಕುತ್ತ ಅವಳು ಬರುತ್ತಾಳೆ. ಅಪ್ಪ ಓಡಿಹೋಗಿ ತೋಳು ಹಿಡಿಯುತ್ತಾರೆ.

"ಹೇಗಾಯ್ತಮ್ಮಾ?"

"ಮೊದ್ಲು ನೀರು ಕೊಡಪ್ಪ."

ಅವಳು ಕುಡಿದು ಮುಗಿಸುವವರೆಗೆ ಓದಕ್ಕ ಕಾಯುತ್ತಾರೆ. ಎಷ್ಟು ಉತ್ತರ, ಯಾವ ಪ್ರಶ್ನೆ ಎಂದು ಕೇಳುವುದಿಲ್ಲ. ಕೇಳುವುದು ಒಂದೇ: "ಓದಿದವರು ಯಾರು ಮಗಾ? ದನಿ ಹೇಗಿತ್ತು?"

ಹುಡುಗಿಯ ಹುಬ್ಬು ಗಂಟಿಕ್ಕುತ್ತದೆ.

"ಹೆಂಗಸು... ಹೌದು, ಹೆಂಗಸು. ದನಿ..." ತಲೆ ಅಲ್ಲಾಡಿಸುತ್ತಾಳೆ. "ಗೊತ್ತಾಗ್ಲಿಲ್ಲ ಓದಕ್ಕ. ನಾನು ಗಮನಿಸ್ಲೇ ಇಲ್ಲ. ಆದ್ರೆ ಅದ್ರಲ್ಲಿ ಒಬ್ಬ ಜೇನು ಸಾಕೋನ ವಿಷ್ಯ ಇತ್ತು ಕೇಳಿ, ಪಾಪ, ಅವನ ಹುಳ ಎಲ್ಲಾ ಒಂದೇ ದಿನ ಎದ್ದು ಹೋಗುತ್ತೆ, ಅವನು ಖಾಲಿ ಪೆಟ್ಟಿಗೇನ ದಿನಾ ಒರೆಸಿ ಇಡ್ತಾನೆ, ಯಾಕೆ ಗೊತ್ತಾ..."

ಬಸ್ ನಿಲ್ದಾಣದವರೆಗೂ ಅವಳು ಅದನ್ನೇ ಹೇಳುತ್ತಾಳೆ. ಅವಳ ದನಿ ಏರುತ್ತದೆ, ಇಳಿಯುತ್ತದೆ, ಬೇಕಾದಲ್ಲಿ ಉಸಿರೆಳೆದುಕೊಳ್ಳುತ್ತದೆ. ಅಪ್ಪ ನಡುನಡುವೆ "ಆಮೇಲೆ?" ಎನ್ನುತ್ತಾರೆ. ಓದಕ್ಕನ ಎಡಗೈ ಅಭ್ಯಾಸದಂತೆ ಗಂಟಲಿಗೆ ಹೋಗಿ ಅಲ್ಲೇ ನಿಂತಿದೆ. ಕಣ್ಣು ತುಂಬಿದೆ, ಒರೆಸಿಕೊಳ್ಳುವುದಿಲ್ಲ.

ಫಲಿತಾಂಶಕ್ಕೆ ಇನ್ನೂ ಆರು ವಾರ ಇದೆ. ಬಸ್ಸಿನಲ್ಲಿ ಮೂವರಿಗೂ ಹಿಂದಿನ ಸೀಟು ಸಿಗುತ್ತದೆ. ಓದಕ್ಕ ಕೈಚೀಲದಿಂದ ಅಂಚು ಸವೆದ ಒಂದು ಪುಸ್ತಕ ತೆಗೆಯುತ್ತಾರೆ. ಅಚ್ಚುಕೂಟದಲ್ಲಿದ್ದಾಗ ಕಾಮಾ ಫುಲ್‌ಸ್ಟಾಪಿನ ಸಮೇತ ಓದಿದ್ದ ಕಥೆಗಳು, ಅರ್ಥಕ್ಕೆ ಆಗ ಮನಸ್ಸು ಕೊಡುವಂತಿರಲಿಲ್ಲ.

"ಒಂದು ಕಥೆ ಓದ್ಲಾ?"

ಹುಡುಗಿ ಅವರ ಹೆಗಲಿಗೆ ತಲೆ ಆನಿಸುತ್ತಾಳೆ, ಗಂಟಲಿಗೆ ಮಡಿಸಿದ ತೋಳು ಕೆನ್ನೆಗೆ ತಾಗುತ್ತದೆ. "ಕೈ ತೆಗೀರಿ ಮೊದ್ಲು" ಎನ್ನುತ್ತಾಳೆ.

ಓದಕ್ಕ ಗಂಟಲ ಮೇಲಿನ ಕೈ ತೆಗೆದು, ಓದಲು ಶುರುಮಾಡುತ್ತಾರೆ.