ಹತ್ತಿಕಟಗಿ ಪೈಲ್ವಾನ

ಎಪ್ಪತ್ನಾಲ್ಕರ ಬೇಸಿಗೆ. ದೇವದುರ್ಗದ ಕುಸ್ತಿ ಕಣದಲ್ಲಿ ಗುಲಾಮ್ ದಸ್ತಗೀರ್ ಎದುರಾಳಿಯ ಹೆಗಲಿನ ಕೀಲು ಕಿತ್ತ. ಕುಸ್ತಿ ಆಗಲೇ ಮುಗಿದಿತ್ತು. ಎದುರಾಳಿಯ ಬೆನ್ನು ಮಣ್ಣಿಗೆ ತಾಗಿತ್ತು, ಪಂಚರು ದಸ್ತಗೀರನ ಹೆಸರು ಕೂಗಿದ್ದರು. ಆದರೂ ಅವನು ಹಿಡಿದ ತೋಳು ಬಿಡಲಿಲ್ಲ. ಮಂಡಿಯನ್ನು ಬಿದ್ದವನ ಪಕ್ಕೆಗೆ ಊರಿ, ತೋಳನ್ನು ಹಿಂದಕ್ಕೆ ತಿರುವಿ ಎಳೆದ. ಹಸಿ ಟೊಂಗೆ ಮುರಿದಂಥ ಸದ್ದು ಮುಂದಿನ ಸಾಲಿನವರಿಗೆಲ್ಲ ಕೇಳಿಸಿತು. ಬಿದ್ದವನ ಕೂಗು ಹಿಂದಿನ ಸಾಲಿನವರಿಗೂ ಕೇಳಿಸಿತು.

ಜನ ದಸ್ತಗೀರನನ್ನು ಹೊತ್ತು ಕುಣಿದರು. ಅವನಿಗೆ ಕುಸ್ತಿ ಕಲಿಸಿದ ಉಸ್ತಾದ್ ಬುರ್ಹಾನುದ್ದೀನರು ಮಾತ್ರ ಕುಣಿಯಲಿಲ್ಲ. ಕಣದ ಆಚೆ ಬೇವಿನ ಮರದಡಿ ಅವನನ್ನು ನಿಲ್ಲಿಸಿಕೊಂಡು ಕೇಳಿದರು.

“ಗೆದ್ದ ಮ್ಯಾಲೆ ಯಾಕ ಮುರದಿ ಲೇ?”

“ಅವ ನನ್ನ ನೋಡಿ ನಕ್ಕಿದ್ದ, ಉಸ್ತಾದ್.”

“ಏನು ನೋಡಿ ನಕ್ಕ?”

“ನನ್ನ ತೋಳು. ಕಡ್ಡಿಯಂಗ ಅದಾವಂತ.”

ಉಸ್ತಾದರು ಆ ತೋಳುಗಳನ್ನು ನೋಡಿದರು. ಸಾಧಾರಣ ಗಂಡಸಿನ ತೊಡೆಯಷ್ಟು ದಪ್ಪ ಇದ್ದವು. ಗೆದ್ದ ಅಮಲಿನಲ್ಲಿ ಚೇಷ್ಟೆ ಮಾಡುತ್ತಿದ್ದಾನೆ ಎಂದುಕೊಂಡು ಅವನ ಕಪಾಳಕ್ಕೆ ಒಂದು ಬಿಗಿದು ಹೊರಟುಹೋದರು. ದಸ್ತಗೀರ್ ಚೇಷ್ಟೆ ಮಾಡಿರಲಿಲ್ಲ.

ಅವನು ಹುಟ್ಟಿದ್ದು ಮಾನ್ವಿಯಲ್ಲಿ, ಪಿಂಜಾರರ ಮನೆಯಲ್ಲಿ. ತಂದೆ ಅಮೀರ್ ಸಾಬ್ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದ. ಆ ಕೆಲಸಕ್ಕೆ ಹುಡುಗನ ಬಲ ಸಾಲುತ್ತಿರಲಿಲ್ಲ. ಹಿಂಜುವ ಬಿಲ್ಲು ಎತ್ತಿದರೆ ಅವನ ಕೈ ನಡುಗುತ್ತಿತ್ತು. “ಹತ್ತಿ ಹಿಂಜೂ ಮನ್ಯಾಗ ಹತ್ತಿಕಟಗಿ ಹುಟ್ಟೇದ ನೋಡ್ರಿ” ಎಂದು ತಂದೆ ಗಿರಾಕಿಗಳ ಮುಂದೆಯೇ ಹೇಳುತ್ತಿದ್ದ. ಹತ್ತಿ ಬಿಡಿಸಿಕೊಂಡ ಮೇಲೆ ಹೊಲದಲ್ಲಿ ಒಣಗಿ ನಿಲ್ಲುವ, ಒಲೆಗಲ್ಲದೆ ಬೇರೆ ಯಾತಕ್ಕೂ ಬಾರದ ಗಿಡದ ಕಡ್ಡಿ ಅದು. ಗಿರಾಕಿ ಹೋದ ಮೇಲೆ, ಬಿಲ್ಲಿನ ತಂತಿ ಬಡಿಯುವ ಮರದ ಕೊಡತಿಯಿಂದಲೇ ಮಗನ ಮೊಣಕಾಲಿಗೆ, ಬೆನ್ನಿಗೆ ಬಾರಿಸುತ್ತಿದ್ದ. ತಾಯಿ ಹೀರಾಬಿ ಅಡ್ಡ ಬರುವ ಧೈರ್ಯದವಳಲ್ಲ. ಹೊಡೆತ ನಿಂತ ಮೇಲೆ ಹುಡುಗನನ್ನು ಒಲೆಯ ಹಿಂದೆ ಕೂರಿಸಿ, ತುಪ್ಪ ಬೆಲ್ಲ ಹಚ್ಚಿದ ರೊಟ್ಟಿ ಸುರುಳಿ ಮಾಡಿ ಬಾಯಿಗೆ ತುರುಕುತ್ತಿದ್ದಳು. “ತಿನ್ನು ನನ್ನಪ್ಪಾ, ಅಳಬ್ಯಾಡ, ತಿನ್ನು.” ಅವನು ಅಳುವುದನ್ನೂ ತಿನ್ನುವುದನ್ನೂ ಒಟ್ಟಿಗೆ ಮಾಡುತ್ತಿದ್ದ. ಹೊಡೆತ ಬಿದ್ದ ದಿನ ನಾಲ್ಕು ರೊಟ್ಟಿ, ಬೀಳದ ದಿನ ಒಂದು.

ಹದಿನೇಳಕ್ಕೆ ಮನೆ ಬಿಟ್ಟು ರಾಯಚೂರಿಗೆ ಬಂದ. ಹತ್ತಿ ಮಿಲ್ಲಿನಲ್ಲಿ ಹಮಾಲಿ ಹಿಡಿದ. ಬೆಳಿಗ್ಗೆ ಗರಡಿಯಲ್ಲಿ ಸಾವಿರ ಬೈಠಕ್, ಹಗಲೆಲ್ಲ ಬೆನ್ನ ಮೇಲೆ ಮೂಟೆ. ಆರು ವರ್ಷದಲ್ಲಿ ಮೈ ಬಾಗಿಲಿನಗಲ ಆಯಿತು. ಆದರೆ ಕ್ಷೌರದಂಗಡಿಯ ದೊಡ್ಡ ಕನ್ನಡಿಯಲ್ಲಿ ಅವನಿಗೆ ಕಾಣುತ್ತಿದ್ದುದು ಮಾನ್ವಿಯ ಆ ಹುಡುಗನೇ: ಕುತ್ತಿಗೆಯ ಎಲುಬು, ಕೋಲಿನಂಥ ಕೈ. ರಾಯಚೂರಿನ ಏಪ್ರಿಲ್ ಬಿಸಿಲಲ್ಲೂ ಅಂಗಿಯ ಒಳಗೆ ಉಣ್ಣೆ ಬನಿಯನ್ ಹಾಕಿಕೊಳ್ಳುತ್ತಿದ್ದ, ಮೈ ದಪ್ಪ ಕಾಣಲಿ ಎಂದು. ದಿನಾ ಬೆಳಿಗ್ಗೆ ತೋಳಿಗೆ ದಾರ ಸುತ್ತಿ ಅಳೆಯುತ್ತಿದ್ದ. ದಾರ ನಿನ್ನೆಯಷ್ಟೇ ಉದ್ದ ಇದ್ದರೆ ಅವತ್ತು ಗರಡಿಯಲ್ಲಿ ಯಾರದಾದರೂ ಮೂಗಿನಿಂದ ರಕ್ತ ಬರಲೇಬೇಕು.

ಎಪ್ಪತ್ತಾರರಲ್ಲಿ ಮಸರಕಲ್ಲಿನ ಅನ್ವರಿ ಬೇಗಂ ಜೊತೆ ಮದುವೆಯಾಯಿತು. ಅನ್ವರಿ ಹೆಚ್ಚು ಮಾತಿನವಳಲ್ಲ, ಕೈ ಚುರುಕು. ಹೊತ್ತಿಗೆ ಹನ್ನೆರಡು ಜೋಳದ ರೊಟ್ಟಿ ಬಡಿದು, ಮಟನ್ ಸಾರು ಕುದಿಸಿ, ತಂಬಿಗೆ ಹಾಲು ಕಾಸಿಟ್ಟು ಗಂಡನನ್ನು ಮಿಲ್ಲಿಗೂ ಗರಡಿಗೂ ಕಳಿಸುತ್ತಿದ್ದಳು. ಪೈಲ್ವಾನನ ಖುರಾಕು ಎಂದರೆ ಇಷ್ಟು ಇರುತ್ತದೆ ಎಂದು ಅವಳ ತಿಳುವಳಿಕೆ. ಮರುವರ್ಷ ಕುಬ್ರಾ ಹುಟ್ಟಿದಳು.

ಎಪ್ಪತ್ತೆಂಟರಲ್ಲಿ ಮಾನ್ವಿಯ ಕಣದಲ್ಲಿ, ತಂದೆ ನೋಡುತ್ತ ಕೂತಿದ್ದಾಗಲೇ, ಚೀಕಲಪರ್ವಿಯ ಮೌಲಾಹುಸೇನ ದಸ್ತಗೀರನ ಬಲಗಾಲನ್ನು ತನ್ನ ಎರಡು ಕಾಲಿನ ನಡುವೆ ಸಿಕ್ಕಿಸಿ ತಿರುಗಿದ. ಮೊಣಕಾಲು ಪಕ್ಕಕ್ಕೆ ಹೊರಳಿತು. ಅವನು ಕೆಮ್ಮಣ್ಣನ್ನು ಹಲ್ಲಿನಿಂದ ಕಚ್ಚಿದ, ಕೂಗಲಿಲ್ಲ. ಹೊತ್ತುಕೊಂಡು ಹೋಗುವಾಗ ಅಮೀರ್ ಸಾಬ್ ಪಕ್ಕದವನಿಗೆ ಹೇಳಿದ್ದು ಅವನ ಕಿವಿಗೆ ಬಿತ್ತು. “ಕಟಗಿ ಎಷ್ಟು ದಿನ ತಡೀತದ? ಮುರೀತು.”

ಕುಸ್ತಿ ಅಲ್ಲಿಗೆ ಮುಗಿಯಿತು. ಮಿಲ್ಲಿನಲ್ಲಿ ಮೂಟೆ ಹೊರುವ ಬದಲು ಗೇಟಿನಲ್ಲಿ ಕೂರುವ ಕೆಲಸ ಕೊಟ್ಟರು. ಉಸ್ತಾದರು ಮನೆಗೆ ಬಂದು, “ಇನ್ನ ಖುರಾಕು ಕಮ್ಮಿ ಮಾಡು. ಮೈ ದುಡಿಯಾಂಗಿಲ್ಲ, ಕೊಬ್ಬು ಬೆಳೀತದ” ಅಂದರು. ದಸ್ತಗೀರ್ ತಲೆಯಾಡಿಸಿದ. ಅವರು ಓಣಿ ದಾಟುವ ಮೊದಲೇ ಅಡುಗೆಮನೆಗೆ ಹೋಗಿ ಬಾಗಿಲ ಅಗಳಿ ಹಾಕಿಕೊಂಡ.

ಅದು ಹಸಿವಲ್ಲ. ಹಸಿವಿಗೆ ಒಂದು ರುಚಿ ಬೇಕೆನಿಸುತ್ತದೆ, ಇದಕ್ಕೆ ಯಾವ ರುಚಿಯೂ ಬೇಡ. ನಿಂತೇ ತಿನ್ನುತ್ತಿದ್ದ. ತಣ್ಣಗಾದ ರೊಟ್ಟಿಯನ್ನು ಹರಿದು, ಅಗಿಯದೆ ನುಂಗಿ, ಗಂಟಲಿಗೆ ಸಿಕ್ಕಿದರೆ ನೀರು ಸುರಿದು ಇಳಿಸುತ್ತಿದ್ದ. ಅನ್ನ ಮುಗಿದರೆ ಹಸಿ ಶೇಂಗಾ, ಶೇಂಗಾ ಮುಗಿದರೆ ಹಿಟ್ಟಿನ ಡಬ್ಬಿಗೇ ಬೆಲ್ಲ ಕಲಸಿ ಮುಕ್ಕುತ್ತಿದ್ದ. ಹೊಟ್ಟೆ ಬಿರಿದು ಉಸಿರು ಕಟ್ಟಿದಾಗ ಗೋಡೆಗೆ ಒರಗಿ ಕುಸಿಯುತ್ತಿದ್ದ. ಆ ಒಂದು ಗಳಿಗೆ ಒಳಗೆಲ್ಲ ಸುಮ್ಮನಾಗುತ್ತಿತ್ತು. ಆಮೇಲೆ ನಾಚಿಕೆ ಬರುತ್ತಿತ್ತು. ನಾಚಿಕೆಯ ಬೆನ್ನಿಗೇ ಸಿಟ್ಟು. ಬಾಗಿಲು ತೆಗೆದಾಗ ಎದುರಿಗೆ ಸಿಕ್ಕವರ ಗತಿ ನೆಟ್ಟಗಿರುತ್ತಿರಲಿಲ್ಲ.

ಎರಡು ವರ್ಷದಲ್ಲಿ ಮೈ ನೂರಿಪ್ಪತ್ತು ಕಿಲೋ ದಾಟಿತು. ಓಣಿಯವರು ಆನೆ ಎಂದರು. ಅವನಿಗೆ ಮಾತ್ರ ಕನ್ನಡಿಯಲ್ಲಿ ಕಡ್ಡಿಯೇ. ಕಡ್ಡಿಯ ನಡುವಿಗೆ ಯಾರೋ ಹೊಟ್ಟೆಯೊಂದನ್ನು ಕಟ್ಟಿದ ಹಾಗೆ. ಮನೆಯ ಕನ್ನಡಿಯನ್ನು ಒಂದು ದಿನ ಹಣೆಯಿಂದಲೇ ಗುದ್ದಿ ಒಡೆದ. ಹುಬ್ಬಿಗೆ ಸಿಕ್ಕ ಚೂರುಗಳನ್ನು ಅನ್ವರಿ ಸೂಜಿಯಿಂದ ಹೆಕ್ಕಿದಳು.

ಮಾನ್ವಿಯಲ್ಲಿ ನೆಂಟರ ಮದುವೆ. ಊಟಕ್ಕೆ ಇನ್ನೂ ಹೊತ್ತಿತ್ತು. ಅಡುಗೆ ಚಪ್ಪರದ ಹಿಂದೆ ಬಿರಿಯಾನಿಯ ಹಂಡೆ ಇಳಿಸಿಟ್ಟಿದ್ದರು. ದಸ್ತಗೀರ್ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ಸುಡುವ ಅನ್ನವನ್ನು ಬರಿಗೈಯಿಂದ ಬಾಯಿಗೆ ಒಗೆದುಕೊಳ್ಳುತ್ತಿದ್ದಾಗ ಅಡುಗೆಯ ಮೀರಾಹುಸೇನ ನೋಡಿದ.

“ಬರ್ರಿ, ಬರ್ರಿ! ಪೈಲ್ವಾನ್ ಸಾಬ್ರು ಹಂಡೇದ ಜೋಡಿ ಕುಸ್ತಿ ಹಿಡದಾರ!”

ಜನ ಬಂದರು, ನಕ್ಕರು. ಹೆಂಗಸರ ಕಡೆಯ ಪರದೆಯೂ ಸರಿಯಿತು. ದಸ್ತಗೀರ್ ಎದ್ದ. ಕೈಗೆ ಸಿಕ್ಕಿದ್ದು ಹಂಡೆಯ ಸೌಟು, ತೋಳುದ್ದದ ಕಬ್ಬಿಣದ್ದು. ಬೀಸಿದ ಒಂದೇ ಏಟಿಗೆ ಮೀರಾಹುಸೇನನ ದವಡೆ ಕಿತ್ತು ಬಾಯಿ ಪಕ್ಕಕ್ಕೆ ತಿರುಗಿತು. ಎರಡನೆಯ ಏಟು ಬಿಡಿಸಲು ಬಂದವನ ಬೆನ್ನಿಗೆ ಬಿತ್ತು. ಮೂರನೆಯದಕ್ಕೆ ಆರು ಮಂದಿ ಅವನ ಮೇಲೆ ಬಿದ್ದರು. ಅನ್ನದ ಮೇಲೆ ರಕ್ತ ಚೆಲ್ಲಿತು. ಹದಿನೈದು ದಿನ ಜೇಲಿನಲ್ಲಿದ್ದು ಬಂದ. ಮೀರಾಹುಸೇನ ಮುಂದೆ ಎಂದೂ ನೆಟ್ಟಗೆ ಮಾತಾಡಲಿಲ್ಲ.

ಮನೆಯಲ್ಲಿ ಕುಬ್ರಾ ಒಂದು ಹೊಸ ಅಭ್ಯಾಸ ಕಲಿತಿದ್ದಳು. ಅಪ್ಪನ ಹೆಜ್ಜೆ ಸಪ್ಪಳ ಕೇಳಿದರೆ ಕೈಯಲ್ಲಿದ್ದ ರೊಟ್ಟಿ ಚೂರನ್ನು ಕಂಕುಳಲ್ಲಿ ಮುಚ್ಚಿಕೊಳ್ಳುವುದು. ಆಗ ಅವಳಿಗೆ ನಾಲ್ಕು ವರ್ಷ. ಅದನ್ನು ಕಂಡ ದಿನವೇ ಅನ್ವರಿ ಮಗುವಿನ ಪಾಲಿನ ಅನ್ನದ ಗಡಿಗೆಯನ್ನು ಹಾಸಿಗೆಗಳ ಸಂದಿಯಲ್ಲಿ ಬಚ್ಚಿಟ್ಟಳು.

ಮರುದಿನ ಮಧ್ಯಾಹ್ನ ದಸ್ತಗೀರ್ ಮನೆಯೆಲ್ಲ ಹುಡುಕಿದ. ಹಾಸಿಗೆಗೆ ಕೈ ಹಾಕುವಾಗ ಅನ್ವರಿ ಗಡಿಗೆ ಎತ್ತಿಕೊಂಡು ಎದೆಗೆ ಅವಚಿದಳು.

“ಇದು ಕೂಸಿಂದು. ಇದನ್ನ ಕೊಡಂಗಿಲ್ಲ.”

“ಕೊಡು.”

“ಬೇಕಾದ್ರ ನನ್ನ ತಿನ್ರಿ. ಇದನ್ನ ಕೊಡಂಗಿಲ್ಲ ಅಂದೆ.”

ಅವನು ಅವಳ ಬಲ ಮಣಿಕಟ್ಟು ಹಿಡಿದ. ಕಣದಲ್ಲಿ ಹಿಡಿಯುತ್ತಿದ್ದ ಹಾಗೆಯೇ ಹಿಡಿದ, ತಿರುವಿದ. ಗಡಿಗೆ ನೆಲಕ್ಕೆ ಬಿದ್ದು ಒಡೆಯಿತು. ಅದರ ಸದ್ದಿನಲ್ಲಿ ಎಲುಬಿನ ಸದ್ದು ಬೇರೆಯಾಗಿ ಕೇಳಲಿಲ್ಲ. ಗಡಿಗೆಯ ಬೋಕಿಗಳ ನಡುವಿನ ಅನ್ನವನ್ನು ಅವನು ಮಂಡಿಯೂರಿ ಬಾಚಿ ಬಾಚಿ ತಿಂದ. ತುಟಿ ಕೊಯ್ದುಕೊಂಡಿದ್ದೂ ತಿಳಿಯಲಿಲ್ಲ. ತಲೆ ಎತ್ತಿದಾಗ ಅನ್ವರಿ ಜೋತುಬಿದ್ದ ಕೈಯನ್ನು ಸೆರಗಿನಲ್ಲಿ ಕಟ್ಟಿಕೊಂಡು, ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೊಸ್ತಿಲಲ್ಲಿ ನಿಂತಿದ್ದಳು.

“ನಿಮ್ಮ ಹೊಟ್ಟಿ ತುಂಬಸ್ತಿದ್ದದ್ದು ಇದೇ ಕೈ. ಇದನ್ನೂ ಮುರದ್ರಿ. ಇನ್ನ ನೀವೇ ಬಡಕೊರ್ರಿ ರೊಟ್ಟಿ.”

ದೇವದುರ್ಗದ ಬಸ್ಸು ಹಿಡಿದು ಮಸರಕಲ್ಲಿನ ತವರಿಗೆ ಹೋದಳು. ಕೈ ಕೂಡಿತು, ಆದರೆ ಸೊಟ್ಟಗೆ ಕೂಡಿತು.

ಒಂದು ತಿಂಗಳ ಮೇಲೆ ದಸ್ತಗೀರ್ ಅವಳನ್ನು ಕರೆಯಲು ಮಸರಕಲ್ಲಿಗೆ ಹೋದ. ಅನ್ವರಿಯ ಅಣ್ಣ ಬಂದೇನವಾಜ್ ಮತ್ತು ಅವನ ಇಬ್ಬರು ತಮ್ಮಂದಿರು ಊರ ಬಾಗಿಲಲ್ಲೇ ಎದುರಾದರು. ಮೂವರ ಕೈಯಲ್ಲೂ ಬಂಡಿಯ ಗೂಟ. ಬೇಕೆಂದಿದ್ದರೆ ಅವನು ಒಬ್ಬನನ್ನಾದರೂ ಕೊಲ್ಲಬಹುದಿತ್ತು. ಕೈ ಎತ್ತಲಿಲ್ಲ. ಮೊದಲ ಏಟು ಕೆಟ್ಟ ಮೊಣಕಾಲಿಗೆ ಬಿತ್ತು. ಬಿದ್ದವನ ಪಕ್ಕೆಗಳನ್ನು ಅವರು ಜೋಳದ ತೆನೆ ಬಡಿದ ಹಾಗೆ ಬಡಿದರು. ಇನ್ನೇನು ಸಾಯುತ್ತೇನೆ ಎನಿಸಿದ ಹೊತ್ತಿನಲ್ಲೂ ಅವನಿಗೆ ಬಾಯಲ್ಲಿ ತುಪ್ಪ ಬೆಲ್ಲದ ನೀರೂರಿತು. ಅದು ತಿಳಿದು ಅವನಿಗೆ ಮೊದಲ ಸಲ ತನ್ನ ಬಗ್ಗೆಯೇ ಹೆದರಿಕೆಯಾಯಿತು.

ಓಡಿಬಂದ ಅನ್ವರಿ, “ಸಾಕು ಬಿಡಣ್ಣಾ. ಇವರ್ನ ಕೊಂದು ನೀ ಜೇಲಿಗೆ ಹೋಗಬ್ಯಾಡ” ಅಂದಳು. ಅಷ್ಟೇ ಅಂದಳು. ಬಂಡಿಯಲ್ಲಿ ಹಾಕಿ ದೇವದುರ್ಗಕ್ಕೆ ಸಾಗಿಸಿದರು.

ಅಲ್ಲಿ ಡಾಕ್ಟರ್ ಗೋಪಾಲಕೃಷ್ಣ ಆಚಾರ್ ಎಂಬ ವಯಸ್ಸಾದವರು ಸಣ್ಣದೊಂದು ದವಾಖಾನೆ ಇಟ್ಟಿದ್ದರು. ಎಲುಬಿಗೆ ಪಟ್ಟಿ ಸುತ್ತಲು ನಾಲ್ಕು ಜನ ಅವನನ್ನು ಎತ್ತಿ ಹಿಡಿಯಬೇಕಾಯಿತು. ವಾರದ ಮೇಲೆ ಡಾಕ್ಟರು, “ದಸ್ತಗೀರ್, ಇಷ್ಟು ಮೈ ಯಾಕ ಬೆಳಸ್ದಿ? ಎದಿಗೆ ಭಾರ ಆಗ್ಯಾದ” ಎಂದರು.

“ಎಲ್ಲಿ ಬೆಳದೈತ್ರಿ ಡಾಕ್ಟರ್ ಸಾಬ್ರ? ಕಡ್ಡಿ ಇದ್ದಂಗ ಅದೀನಿ.”

ಡಾಕ್ಟರು ನಗಲಿಲ್ಲ. ಸ್ಟೂಲು ಎಳೆದುಕೊಂಡು ಕೂತರು. “ಇನ್ನೊಮ್ಮೆ ಹೇಳು.”

ಕೊಡತಿಯ ಏಟು, ಒಲೆಯ ಹಿಂದಿನ ರೊಟ್ಟಿ, ದಾರ, ಕನ್ನಡಿ, ಹಂಡೆ, ಗಡಿಗೆ. ಎಲ್ಲ ಹೇಳಿದ. ಅಷ್ಟು ಮಾತನ್ನು ಅವನು ಜೀವನದಲ್ಲೇ ಆಡಿರಲಿಲ್ಲ. ಡಾಕ್ಟರು ಅಂದರು.

“ಇದಕ್ಕ ನನ್ನ ಕಡಿ ಗುಳಗಿ ಇಲ್ಲಪಾ. ಬ್ಯಾನಿ ಅಂತೂ ಹೌದು. ನಿನ್ನ ಕಣ್ಣು ನಿನಗ ಖರೇ ಹೇಳವಲ್ದು. ಒಂದು ಮಾಡು. ಒಬ್ಬನ ಕುಂತು ಉಣಬ್ಯಾಡ, ನಿಂತು ಉಣಬ್ಯಾಡ. ಸಂಕಟ ಆದಾಗ ಬಾಯಿಗೆ ಏನರ ಹಾಕೂಕಿಂತ ಮೊದಲ ಇಲ್ಲಿಗೆ ಬಂದು ಹೇಳು.”

“ಹೇಳಿದ್ರ ಹೋಗತದೇನ್ರಿ?”

“ಗೊತ್ತಿಲ್ಲ. ಹೊಡಿಯೂದರ ತಪ್ಪತದ.”

ದಸ್ತಗೀರ್ ರಾಯಚೂರಿಗೆ ಮರಳಲಿಲ್ಲ. ದೇವದುರ್ಗದಲ್ಲೇ ಒಂದು ಕೋಣೆ ಹಿಡಿದು, ತಾನು ಉಗುಳಿ ಬಿಟ್ಟುಬಂದಿದ್ದ ಗಾದಿ ಹೊಲಿಯುವ ಕೆಲಸಕ್ಕೆ ಕೂತ. ಖಾನಾವಳಿಯಲ್ಲಿ ಹತ್ತು ಜನರ ಸಾಲಿನಲ್ಲಿ ಕೂತು ಉಂಡ. ಎಷ್ಟೋ ದಿನ ಡಾಕ್ಟರ ದವಾಖಾನೆಯ ಕಟ್ಟೆಗೆ ಓಡಿಬಂದು ಬೆವರುತ್ತ ಕೂತ. ಕೆಲವು ದಿನ ಕಟ್ಟೆ ತಲುಪದೆ ಮಿರ್ಚಿ ಭಜಿ ಅಂಗಡಿಯಲ್ಲೇ ಸೋತು, ಮರುದಿನ ಬಂದು ಅದನ್ನೂ ಹೇಳಿದ. ಅಲ್ಲಿಂದೀಚೆಗೆ ಅವನು ಯಾರ ಮೇಲೂ ಕೈ ಮಾಡಿದ್ದನ್ನು ಊರು ಕಂಡಿಲ್ಲ.

ಅನ್ವರಿ ಬಂದದ್ದು ಎಂಬತ್ತೈದರಲ್ಲಿ. ಕ್ಷಮಿಸಿ ಬಂದಳು ಎಂದಲ್ಲ. ತವರಿನಲ್ಲಿ ಅತ್ತಿಗೆಯರ ಕೈಕೆಳಗೆ ಬದುಕುವುದು ಸಾಕಾಗಿತ್ತು, ಕುಬ್ರಾಳ ಶಾಲೆಗೆ ದೇವದುರ್ಗವೇ ವಾಸಿ. ಬಾಗಿಲಲ್ಲೇ ನಿಂತು ಹೇಳಿದಳು.

“ಅಡಗಿಮನಿ ಅಗಳಿ ಕಿತ್ತು ಒಗೀರಿ. ರೊಟ್ಟಿ ನೀವೇ ಬಡೀಬೇಕು, ನನ್ನ ಕೈಲೆ ಆಗೂದಿಲ್ಲ. ನನ್ನ ಮೈ ಮುಟ್ಟಬ್ಯಾಡ್ರಿ. ಒಮ್ಮೆ ಕೈ ಎತ್ತಿದ್ರ ನಾ ಅಣ್ಣನ್ನ ತಡಿಯಂಗಿಲ್ಲ.”

ಅವನು ಅಗಳಿ ಕಿತ್ತ. ರೊಟ್ಟಿ ಬಡಿಯುವುದನ್ನು ಕಲಿತ. ಮೊದಮೊದಲು ರೊಟ್ಟಿಯ ಅಂಚು ಹರಿಯುತ್ತಿತ್ತು, ಕುಬ್ರಾ ನಗುತ್ತಿದ್ದಳು, ಆ ನಗು ಅವನಿಗೆ ಚುಚ್ಚುತ್ತಿತ್ತು, ಹಲ್ಲು ಕಚ್ಚಿ ಇನ್ನೊಂದು ಬಡಿಯುತ್ತಿದ್ದ. ಅನ್ವರಿ ಅವನ ಕೈಗೆಟುಕದಷ್ಟು ದೂರದಲ್ಲೇ ಕೂರುತ್ತಿದ್ದಳು.

ಎಂಬತ್ತೆಂಟರಲ್ಲಿ ಬಂದೇನವಾಜ್ ತನ್ನ ಮಗಳ ಮದುವೆಗೆ ಗಾದಿ ಹೇಳಲು ಬಂದ. ಪಕ್ಕೆ ಮುರಿದವನೂ ಮುರಿಸಿಕೊಂಡವನೂ ಎದುರುಬದುರು ಊಟಕ್ಕೆ ಕೂತರು. ದಸ್ತಗೀರ್ ನಾಲ್ಕು ರೊಟ್ಟಿಗೆ ಕೈ ನಿಲ್ಲಿಸಿದ. ಬಂದೇನವಾಜನಿಗೆ ಮಾತಿಗೇನಾದರೂ ಬೇಕಿತ್ತು.

“ಯಾಕ ಭಾವಾ, ಇಷ್ಟಕ್ಕ ಸಾಕೇನು? ಪೈಲ್ವಾನ್ ಅಂತೀರಿ, ಇನ್ನೊಂದು ಹಾಕ್ಕೋರಿ” ಎಂದು ರೊಟ್ಟಿಯನ್ನು ತಾಟಿನ ಮೇಲೆ ಹಿಡಿದ.

“ಸಾಕು ಅಂದಮ್ಯಾಲೆ ಸಾಕು, ಬಿಡಣ್ಣಾ” ಅಂದಳು ಅನ್ವರಿ.

ದಸ್ತಗೀರ್ ಕೈ ತೊಳೆದು ಹೊರಗಿನ ಕಟ್ಟೆಗೆ ಹೋಗಿ ಬಿಸಿಲಲ್ಲಿ ಕೂತ. ಒಳಗಿನಿಂದ ರೊಟ್ಟಿಯ ವಾಸನೆ ಬರುತ್ತಿತ್ತು. ಎರಡೂ ಕೈಗಳನ್ನು ತೊಡೆಗಳ ಕೆಳಗೆ ಇಟ್ಟುಕೊಂಡು, ತಿನ್ನುವ ಸಂಕಟ ಇಳಿಯುವ ತನಕ ಅಲ್ಲೇ ಕೂತಿದ್ದ. ಆಮೇಲೆ ಎದ್ದು ಒಳಗೆ ಹೋಗಿ ಗಾದಿಯ ಅಳತೆ ಕೇಳಿದ.